ದಿಗಂತವನ್ನು ನಡುವೆ ಇಟ್ಟ ಚಿತ್ರ

ನಿಸರ್ಗ ಛಾಯಾಗ್ರಹಣಕ್ಕೆ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಬೆಳಕು, ಒಂದಿಷ್ಟು ಅದೃಷ್ಟ ಇದ್ದರೆ ಸಾಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಮೊದಲು ಬೇಕಾದದ್ದು ಸುಸ್ತಾಗದ ಒಂದು ಜೊತೆ ಕಾಲು ಎಂದು ಸಾರಿ, ಸಾರಿದ್ದನ್ನು ತಾವೇ ನಡೆದು ತೋರಿಸಿದವರು ನಮ್ಮ ಛಾಯಾಗ್ರಹಣ ವಿಭಾಗದ ಮೇಷ್ಟ್ರು. ಚಿತ್ರ ಸಂಯೋಜನೆಯೆಂಬ ವಿಷಯಕ್ಕೆ ನಮ್ಮ ಸಂಸ್ಥೆಯಲ್ಲಿ ಶಾಸ್ತ್ರದ ಗೌರವ ತಂದುಕೊಟ್ಟವರೂ ಅವರೇ. ಇಂಥವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆಂದರೆ ನಂಬುವುದು ಹೇಗೆ? ವಿಶ್ರಾಂತಿಗೆ ಮೊದಲು ಮನುಷ್ಯ ಒಂದು ಕಡೆ ಕೂರಬೇಕಲ್ಲ!

ಸೇವೆಗೆ ಸೇರಿದ ಹೊಸತರಲ್ಲಿ ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೊನೆಯ ಉಗ್ರಾಣದಂಥ ಕೋಣೆ. ಒಂದು ಸಿಂಕು, ಒಂದು ಮೇಜು, ಒಂದು ಕುರ್ಚಿ. ಕುರ್ಚಿಯ ಮೇಲೆ ಚಿತ್ರಗಳ ಕಟ್ಟು ಕೂತಿತೇ ಹೊರತು ಮೇಷ್ಟ್ರು ಕೂರಲಿಲ್ಲ. ಮನೆಯಲ್ಲೂ ಅದೇ ಕಥೆ. "ಊಟಕ್ಕೆ ಕೂತ್ರೆ ನೀರಿನ ಜಗ್ಗು ಉಪ್ಪಿನ ಡಬ್ಬೀನ ಮರೆ ಮಾಡ್ತಿದೆ ಅಂತ ಸರಿಸ್ತಾರೆ. ಸರಿಸೋ ಹೊತ್ತಿಗೆ ಸಾರು ಆರಿರುತ್ತೆ," ಎಂದು ಅವರ ಶ್ರೀಮತಿಯವರು ಸಿಕ್ಕವರ ಬಳಿಯೆಲ್ಲ ದೂರುತ್ತಿದ್ದರು. ಆದರೆ ಚೌಕಟ್ಟಿನ ಅಂಚುಗಳನ್ನು ಮೂಲೆ ಬಿಡದೆ ಗುಡಿಸಿದಂತೆ ನೋಡಬೇಕು, ಹತ್ತಿರಕ್ಕೊಂದು ವಸ್ತುವಿದ್ದರೆ ದೂರವು ದೂರವಾಗಿ ಕಾಣುತ್ತದೆ, ದಿಗಂತವನ್ನು ನಟ್ಟನಡುವೆ ಎಳೆದು ಚಿತ್ರವನ್ನು ಎರಡು ತುಂಡು ಮಾಡಬಾರದು ಎಂಬ ಪಾಠಗಳನ್ನು ನಾವೆಲ್ಲ ಕಲಿತದ್ದು ಈ ಚಡಪಡಿಕೆಯಿಂದಲೇ.

ಅವರ ಉಪಕಾರಗಳಲ್ಲಿ ಒಂದನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. ಎಲ್ಲರೂ 'ಟೈಲರ್ ಮಗಳು' ಎಂದೇ ಕರೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು ಬೆಳಗಿನ ಜಾವದ ಬೆಳಕಿಗೆ ಹೊರಗೆ ಕಳಿಸಲು ತಾಯಿ ಸುತರಾಂ ಒಪ್ಪಲಿಲ್ಲ. ಮೇಷ್ಟ್ರು ಶ್ರೀಮತಿಯವರನ್ನು ಕರೆದುಕೊಂಡು ಆ ಮನೆಗೆ ಹೋದರು. "ನೀವೂ ಬನ್ನಿ ಅಕ್ಕ, ನಾನೂ ಬರ್ತೀನಿ. ಇವರು ಬೆಟ್ಟ ನೋಡ್ಲಿ, ನಾವು ಮಾತಾಡ್ತಾ ಕೂರೋಣ," ಎಂದು ಶ್ರೀಮತಿಯವರು ಆ ತಾಯಿಯನ್ನು ಒಲಿಸಿದರು. ಅಂದಿನ ಟೈಲರ್ ಮಗಳು ಇಂದು ಅದೇ ವಿಭಾಗದ ಉಪನ್ಯಾಸಕಿ.

ಹೀಗೆ ಎಲ್ಲವೂ ನೆಟ್ಟಗೆ ನಡೆದಿರಲು, ಹೋದ ವರ್ಷದ ಪ್ರದರ್ಶನದಲ್ಲಿ ಎಡವಟ್ಟಾಯಿತು. ಹಳೆಯ, ಹೊಸ ವಿದ್ಯಾರ್ಥಿಗಳ ಚಿತ್ರಗಳು ಗೋಡೆ ತುಂಬ ತೂಗಿದ್ದವು. ಹೊರಗಿನಿಂದ ಬಂದ ತೀರ್ಪುಗಾರರು ಒಂದು ಸುತ್ತು ನೋಡಿ, ಮೆಚ್ಚಿಕೊಂಡೇ, "ತುಂಬಾ ಚೆನ್ನಾಗಿದೆ. ಇದೆಲ್ಲ ಒಬ್ಬರೇ ತೆಗೆದದ್ದಾ?" ಎಂದರು. ಸಭೆ ನಕ್ಕಿತು. ಮೇಷ್ಟ್ರು ತಿರುಗಿ ನೋಡಿದರು. ಎಲ್ಲದರಲ್ಲೂ ಮೇಷ್ಟ್ರು ವರ್ಷವರ್ಷವೂ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಅದೇ ಜಲಾಶಯ, ಎಡಗಡೆ ಕೆಳಗೆ ಬಂಡೆ, ಬಲದಿಂದ ಬಾಗಿ ಬರುವ ದಾರಿ, ದೂರದಲ್ಲಿ ಒಂಟಿ ಮರ. ಪ್ರತಿಯೊಬ್ಬರೂ ಮೇಷ್ಟ್ರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದರು. ಅವರ ಮುಖ ಸಪ್ಪಗಾಯಿತು.

ಅಂದಿನಿಂದ ಅವರಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ತರಗತಿಯಲ್ಲಿ "ಬಂಡೆಯನ್ನು..." ಎಂದು ಶುರುಮಾಡಿ ಬಾಯಿ ಮುಚ್ಚಿಕೊಳ್ಳುವರು, ಮಕ್ಕಳು ಪೆನ್ನು ಹಿಡಿದು ಕಾಯುವರು, ಮೇಷ್ಟ್ರು ಹೊರಗೆ ಹೋಗಿ ಪಡಸಾಲೆ ಅಳೆಯುವರು. "ಇಷ್ಟು ವರ್ಷ ನನ್ನ ಕಣ್ಣನ್ನೇ ಎಲ್ಲರಿಗೂ ಅಂಟಿಸಿಬಿಟ್ನಲ್ಲೇ," ಎಂದು ಮಡದಿಯ ಬಳಿ ಹಲುಬಿದರು. ಕಲಿಸಿದ್ದೆಲ್ಲ ನೀರುಪಾಲಾಯಿತೇನೋ ಎಂಬ ಭಯ ಅವರನ್ನು ಕೊರೆಯುತ್ತಿತ್ತು.

ನೋಡಿ ನೋಡಿ ಸಾಕಾಗಿ ಟೈಲರ್ ಮಗಳೇ ಒಂದು ಉಪಾಯ ಹೂಡಿದಳು. "ಸರ್, ಈ ಸಲದ ಪ್ರವಾಸಕ್ಕೆ ಜಲಾಶಯಕ್ಕೇ ಹೋಗೋಣ. ಆದ್ರೆ ನೀವು ಬಸ್ಸಿಂದ ಇಳೀಬಾರ್ದು."

"ಇಳೀದೆ?"

"ಇಳೀದೆ."

ಅಯ್ಯೋ, ಆ ಶಿಕ್ಷೆ! ಆ ಕಿಟಕಿಯಿಂದ ಈ ಕಿಟಕಿಗೆ, ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಮೇಷ್ಟ್ರು ಓಡಾಡಿದ ರಭಸಕ್ಕೆ ಡ್ರೈವರಿಗೆ ತಲೆ ಕೆಟ್ಟಿತು. "ಸಾರ್, ನಾನು ಗಾಡಿ ನಿಲ್ಸಿದೀನಿ, ನೀವು ಓಡಿಸ್ತಿದೀರಲ್ಲ! ದಮ್ಮಯ್ಯ, ಒಂದ್ಕಡೆ ಕೂತ್ಕೊಳ್ಳಿ," ಎಂದ.

ಮರುದಿನ ಚಿತ್ರಗಳನ್ನು ಗೋಡೆಗೆ ಹಚ್ಚಿದರು. ಮುಚ್ಚುಮರೆ ಏಕೆ, ಅರ್ಧಕ್ಕರ್ಧ ಮಂದಿ ಹಳೆಯ ಬಂಡೆಯ ಬಳಿಯೇ ನಿಂತಿದ್ದರು. ಮೇಷ್ಟ್ರು ನಿಟ್ಟುಸಿರುಬಿಟ್ಟು ಮುಂದೆ ಮುಂದೆ ಹೋಗಿ, ಒಂದರ ಮುಂದೆ ಗಕ್ಕನೆ ನಿಂತರು. ಬಂಡೆಯಿಲ್ಲ, ಮರವಿಲ್ಲ. ಕೆಳಗರ್ಧ ನೀರಿಳಿದು ಬಿರುಕುಬಿಟ್ಟ ಕೆಸರು, ಮೇಲರ್ಧ ಬರಿ ಆಕಾಶ, ನಡುವಿನ ಗೆರೆಯ ಮೇಲೆ ಸಾಸಿವೆಯಷ್ಟು ಪಂಪ್‌ಹೌಸು.

"ದಿಗಂತಾನ ನಟ್ಟನಡುವೆ ಇಟ್ಟವರು ಯಾರು?" ದನಿ ಏರಿತ್ತು.

"ನಾನೇ ಸರ್," ಎಂದಳು ಟೈಲರ್ ಮಗಳು.

"ನೀನಾ! ಇಷ್ಟು ಕೆಸರು ಯಾಕಮ್ಮ? ಕತ್ತರಿಸಬಹುದಿತ್ತಲ್ಲ?"

"ಕತ್ತರಿಸಿ ನೋಡಿ ಸರ್."

ಮೇಷ್ಟ್ರು ಅಂಗೈಯಿಂದ ಕೆಸರನ್ನು ಮುಚ್ಚಿದರು. ಪಂಪ್‌ಹೌಸು ಯಾವುದೋ ಒಂದು ಕಟ್ಟಡವಾಯಿತು, ಅಷ್ಟೇ. ಆಕಾಶವನ್ನು ಮುಚ್ಚಿದರು, ಕೆಸರು ಬರಿ ಕೆಸರಾಯಿತು. ಕೈ ತೆಗೆದರು. ಎರಡು ಬಯಲುಗಳ ನಡುವೆ ಆ ಪುಟ್ಟ ಕಟ್ಟಡ ಮತ್ತೆ ಒಬ್ಬಂಟಿಯಾಗಿ ನಿಂತಿತು. ಅವರ ಎದೆ ತುಂಬಿ ಬಂತು.

"ಎಲ್ಲಿ ನಿಂತಿದ್ದೆ ನೀನು?"

"ಜಲಾಶಯದ ಏರಿಯಿಂದ ಇಳಿದು, ಎಡಕ್ಕೆ ತಿರುಗಿ..."

"ಬಾಯಲ್ಲಿ ಹೇಳ್ಬೇಡ. ನಡಿ, ತೋರಿಸು."

ಹೋದರು. ಶಿಷ್ಯೆ ಮುಂದೆ, ಗುರು ಹಿಂದೆ. ಆಕೆ ಕೈ ತೋರಿದ ಕಡೆ ಕೆಸರಿನಲ್ಲೇ ಮಂಡಿಯೂರಿ ಮೇಷ್ಟ್ರು ಬಹಳ ಹೊತ್ತು ಅಲುಗಾಡದೆ ನೋಡಿದರು. "ಇದು ನನಗೆ ಕಂಡೇ ಇರಲಿಲ್ಲ ಕಣಮ್ಮ," ಎಂದವರ ದನಿಯಲ್ಲಿ ಸೋಲಿನ ಲವಲೇಶವೂ ಇರಲಿಲ್ಲವೆಂದು ಆಕೆಯೇ ನಮಗೆ ಹೇಳಿದ್ದಾಳೆ.

ಇಂಥ ಹಿರಿಯರಿಗೆ ದೀರ್ಘಾಯುಷ್ಯ, ಗಟ್ಟಿ ಮಂಡಿ, ಕಂಡಷ್ಟಕ್ಕೆ ತೃಪ್ತಿಪಡದ ಕಣ್ಣು ಇವೆಲ್ಲ ಲಭಿಸಲಿ. ಇನ್ನೂ ಬಹುಕಾಲ ಅವರು ತೆಗೆದ ಹೊಸ ಚಿತ್ರಗಳು ನಮ್ಮ ಗೋಡೆಗೆ ಬರುತ್ತಿರಲಿ ಎಂದು ಸಂಸ್ಥೆಯ ಸಮಸ್ತರ ಪರವಾಗಿ ಹಾರೈಸುತ್ತೇವೆ. ಅವುಗಳಲ್ಲಿ ತಪ್ಪು ಹುಡುಕುವ ಕೆಲಸವನ್ನು ಮೇಷ್ಟ್ರೇ ಟೈಲರ್ ಮಗಳಿಗೆ ವಹಿಸಿದ್ದಾರೆ. ಮೊನ್ನೆ ತಂದ ಮೊದಲ ಚಿತ್ರವನ್ನು ಆಕೆ ದಾಕ್ಷಿಣ್ಯವಿಲ್ಲದೆ ವಾಪಸು ಕಳಿಸಿದಳು. ಮೇಷ್ಟ್ರು ಆಗಲೇ ಕ್ಯಾಮೆರಾ ಹೆಗಲಿಗೇರಿಸಿ ಹೊರಟಾಗಿತ್ತು.