ಹಾಸಕ್ಕನ ಅಂಗೈ ಒಪ್ಪಿದ ಮೇಲೆಯೇ ಆಟ

ಬೆಳಗಿನ ಐದೂವರೆ. ಒಳಾಂಗಣದ ಎಲ್ಲ ದೀಪಗಳೂ ಉರಿಯುತ್ತಿವೆ, ಗ್ಯಾಲರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ಹರಡಿರುವ ಬೂದು ಕಾರ್ಪೆಟ್ಟಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಅಂಬೆಗಾಲಿಟ್ಟು ಹೋಗುತ್ತಿದ್ದಾರೆ. ಮೊಣಕಾಲಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿಕೊಂಡಿದ್ದಾರೆ. ಬಲ ಅಂಗೈ ನೆಲ ಬಿಟ್ಟು ಏಳುವುದೇ ಇಲ್ಲ. ಎರಡು ಪಟ್ಟಿಗಳು ಕೂಡುವ ಸಂದಿನ ಮೇಲೆ ಅದು ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಒಂದು ಗೇಣು ಹಿಂದಕ್ಕೆ ಬರುತ್ತದೆ.

"ಇಲ್ಲೇನೋ ಇದೆ."

ಎಷ್ಟು ಬಗ್ಗಿ ನೋಡಿದರೂ ನನಗೆ ಏನೂ ಕಾಣುವುದಿಲ್ಲ. ಜೊತೆಗೆ ಕೆಲಸ ಮಾಡುವ ಅವರ ನಾದಿನಿ ಪಟ್ಟಿಯ ಅಂಚು ಎತ್ತುತ್ತಾರೆ. ಕೆಳಗೆ ಅಕ್ಕಿಕಾಳಿಗಿಂತ ಚಿಕ್ಕ ಮರದ ಚೂರು.

"ಇರುವೆ ಕೆಮ್ಮಿದ್ರೂ ನಮ್ಮತ್ತಿಗೆ ಕೈಗೆ ಗೊತ್ತಾಗುತ್ತೆ," ಎಂದು ನಾದಿನಿ ನಗುತ್ತಾರೆ. "ನಮ್ಮಣ್ಣ ಪಾಪ, ಮನೇಲಿ ಏನೂ ಬಚ್ಚಿಡೋ ಹಾಗಿಲ್ಲ."

ಇವರು ಹಾಸಕ್ಕ. ಕಾರ್ಪೆಟ್ ಹಾಸುವ ಅಕ್ಕ ಎಂದು ಆಟದ ಹುಡುಗಿಯರು ಇಟ್ಟ ಹೆಸರು. ಇವತ್ತು ಹತ್ತು ಗಂಟೆಗೆ ಇಲ್ಲಿ ರಿದಮಿಕ್ ಜಿಮ್ನಾಸ್ಟಿಕ್ಸ್ ಆಯ್ಕೆ ಸ್ಪರ್ಧೆ. ಚೆಂಡು, ರಿಂಗು, ರಿಬ್ಬನ್ನು ಹಿಡಿದು ಒಂದೂವರೆ ನಿಮಿಷ ಸಂಗೀತಕ್ಕೆ ಆಡುವ ಆಟ. ಅದನ್ನು ಡ್ಯಾನ್ಸು ಎಂದು ಮೂಗು ಮುರಿಯುವವರು ಒಮ್ಮೆ ಆ ಚೆಂಡನ್ನು ಮೇಲಕ್ಕೆಸೆದು, ಎರಡು ಲಾಗ ಹಾಕಿ, ಹಿಂದೆ ತಿರುಗಿ ನೋಡದೆ ಹಿಡಿದು ತೋರಿಸಲಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದನ್ನು ಯಾರೂ ಪಾಠ ಹೇಳಿಲ್ಲ. ಎಂಟು ವರ್ಷ ಮೇಲಿನ ಬೆಂಚಿನಲ್ಲಿ ಕೂತು, ಕಣ್ಣು ಕಿತ್ತುಹೋಗುವಷ್ಟು ನೋಡಿ ಕಲಿತದ್ದು. ಅಷ್ಟು ನೋಡಿದವನು ಹುಡುಗಿಯರ ಪಾದದ ಕೆಳಗೆ ಏನಿದೆ ಎಂದು ಒಂದು ದಿನವೂ ನೋಡಲಿಲ್ಲ.

ಕೆಳಗಿರುವುದು ಏಳು ಪಟ್ಟಿ. ಒಂದೊಂದೂ ಹದಿನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲ. ಸುರುಳಿ ಸುತ್ತಿದರೆ ಐವತ್ತು ಕೆಜಿ. ಅತ್ತಿಗೆ, ನಾದಿನಿ ಇಬ್ಬರೇ ಅದನ್ನು ಗೋದಾಮಿನಿಂದ ಕೈಗಾಡಿಯಲ್ಲಿ ತಂದು ಬಿಚ್ಚಬೇಕು, ಎಳೆಯಬೇಕು, ಅಂಟಿಸಬೇಕು. ಸಂದುಗಳು ಆರು. ಒಟ್ಟು ಎಂಬತ್ನಾಲ್ಕು ಮೀಟರ್. ಅಷ್ಟುದ್ದಕ್ಕೂ ಹಾಸಕ್ಕ ಅಂಗೈ ಆಡಿಸುತ್ತಾರೆ, ಒಂದು ಸಲವಲ್ಲ, ಎರಡು ಸಲ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ.

"ಕಾರ್ಪೆಟ್ಟಿಗೂ ಕೂದ್ಲಿರುತ್ತೆ. ಏಳು ಪಟ್ಟೀದೂ ಒಂದೇ ಕಡೆ ಮಲಗಿರ್ಬೇಕು," ಎನ್ನುತ್ತಾ ನನ್ನ ಕೈ ಹಿಡಿದು ಸವರಿಸುತ್ತಾರೆ. "ಹೀಗೆ ಸವರಿದ್ರೆ ನುಣ್ಣಗೆ. ಹಾಗೆ ಸವರಿದ್ರೆ ಬೆಕ್ಕಿನ ಮೈ ಉಲ್ಟಾ ಉಜ್ಜಿದಂಗೆ. ಚೆಂಡಿಗೆ ಅದು ಗೊತ್ತಾಗುತ್ತೆ. ಮನುಷ್ಯರಿಗೇ ಗೊತ್ತಾಗಲ್ಲ."

ಹೋದ ವರ್ಷ ಅದು ಚೆಂಡಿಗೆ ಗೊತ್ತಾಯಿತು. ಒಳಾಂಗಣವನ್ನು ಯಾವುದೋ ಸಭೆಗೆ ಕೊಟ್ಟು, ನಾಲ್ಕು ಗಂಟೆ ಹಿಡಿಯುವ ಕೆಲಸಕ್ಕೆ ಒಂದೂವರೆ ಗಂಟೆ ಉಳಿಸಿದ್ದರು. ಅರ್ಧ ದೀಪ ಮಾತ್ರ ಹಾಕಿದ್ದರಿಂದ, ಕೂದಲು ತಿರುಗಿದರೆ ಬದಲಾಗುವ ಬಣ್ಣದ ಛಾಯೆ ಕಾಣಲಿಲ್ಲ. ಆ ಅವಸರದಲ್ಲಿ ನಾಲ್ಕನೇ ಪಟ್ಟಿ ತಿರುವುಮುರುವಾಗಿ ಬಿತ್ತು, ಕೂದಲು ಎದುರು ದಿಕ್ಕಿಗೆ.

ಆಗ ಆಡುತ್ತಿದ್ದವಳು ಮಿಡತೆ ಎಂದು ಎಲ್ಲರೂ ಕರೆಯುವ ಹದಿನೈದರ ಹುಡುಗಿ. ಚೆಂಡನ್ನು ನೆಲದ ಮೇಲೆ ಉರುಳಿಸಿಬಿಟ್ಟು, ತಾನು ಲಾಗ ಹಾಕುತ್ತಾ ಅದಕ್ಕಿಂತ ಮುಂದೆ ಹೋಗಿ, ಬೆನ್ನು ತಿರುಗಿಸಿ ಕೂತು, ಹಿಂದಕ್ಕೆ ಚಾಚಿದ ಕೈಗಳಲ್ಲಿ ಹಿಡಿಯುವುದು ಅವಳ ಪಟ್ಟು. ನಾನು ನೋಡಿದವರಲ್ಲಿ ಇನ್ಯಾರಿಗೂ ಅದು ಬರುವುದಿಲ್ಲ. ಅವತ್ತು ಚೆಂಡು ಮೂರು ಪಟ್ಟಿ ನೆಟ್ಟಗೆ ದಾಟಿತು. ನಾಲ್ಕನೆಯದರಲ್ಲಿ ತಡೆದು, ಪಕ್ಕಕ್ಕೆ ವಾಲಿ, ಅಂಕಣದ ಗೆರೆ ದಾಟಿ ಹೋಯಿತು. ಹುಡುಗಿಯ ಕೈಗೆ ಗಾಳಿ ಸಿಕ್ಕಿತು.

ಪರದೆಯ ಹಿಂದಿನಿಂದ ಓಡಿಬಂದ ಹಾಸಕ್ಕ ಪಟ್ಟಿ ಸವರಿದರು. "ಕೂದ್ಲು ಉಲ್ಟಾ ಇತ್ತು. ನೆಟ್ಟಗೆ ಜಡ್ಜ್ ಮೇಜಿನ ಹತ್ರ ಹೋದೆ. 'ತಪ್ಪು ನಂದು ಸಾರ್, ಮಗೂದಲ್ಲ, ಇನ್ನೊಂದ್ಸಲ ಆಡ್ಸಿ' ಅಂದೆ."

ಒಳಾಂಗಣದ ಮ್ಯಾನೇಜರ್ ಅವರ ತೋಳು ಹಿಡಿದು ಎಳೆದುಕೊಂಡು ಹೋದರು. ಕೆಲಸದವರು ಗೆರೆಯ ಒಳಗೆ ಬರಬಾರದಂತೆ! ಆ ಗೆರೆಯನ್ನು ಅಂಟಿಸಿದ್ದೇ ಈ ಕೈ. ಸ್ಪರ್ಧೆಯ ವರದಿಯಲ್ಲಿ ಬರೆದದ್ದು 'ಆಟಗಾರ್ತಿಯ ಕೈತಪ್ಪು'. ಯಾಕೆಂದರೆ 'ಹಾಸು ಸರಿ ಇದೆ' ಎಂದು ದಾಖಲಿಸುವ ಪುಸ್ತಕದಲ್ಲಿ ಮ್ಯಾನೇಜರ್ ಆಗಲೇ ಸಹಿ ಹಾಕಿದ್ದರು, ಕಾರ್ಪೆಟ್ಟಿಗೆ ಕಾಲೂ ಇಡದೆ, ರೂಮಿನಲ್ಲಿ ಕೂತು. ಮರುದಿನ 'ಕೈಜಾರಿದ ಪದಕ' ಎಂಬ ತಲೆಬರಹ ಬಂತು. ನಾನೀಗ ಇದನ್ನು ಬರೆಯುತ್ತಿರುವ ಇದೇ ಪತ್ರಿಕೆಯಲ್ಲಿ. ಅದನ್ನು ಓದಿ ಹುಡುಗಿಯನ್ನು ಬೈದವರಲ್ಲಿ ನಾನೂ ಒಬ್ಬ.

ಹಾಸಕ್ಕನನ್ನು ಮೂರು ತಿಂಗಳು ಕೆಲಸಕ್ಕೆ ಕರೆಯಲಿಲ್ಲ. ಬದಲಿಗೆ ಬಂದವರು ಹಾಸಿದ ಸಂದಿನಲ್ಲಿ ರಿಬ್ಬನ್ನು ಸಿಕ್ಕಿಕೊಂಡು ಇಬ್ಬರು ಹುಡುಗಿಯರು ಮುಗ್ಗರಿಸಿದ ಮೇಲೆ ಫೋನು ಬಂತು. ಹಾಸಕ್ಕ ಬಂದರು, ಒಂದು ಮಾತು ಹೇಳಿಕೊಂಡೇ ಬಂದರು: ಪುಸ್ತಕದಲ್ಲಿ ಸಹಿ ನನ್ನದಿರಬೇಕು. ಅಲ್ಲಿಂದ ಇಲ್ಲಿಯವರೆಗೆ ಮ್ಯಾನೇಜರ್ ನಕ್ಕು ತಳ್ಳಿಹಾಕುತ್ತಲೇ ಇದ್ದಾರೆ.

ಎಂಟು ಗಂಟೆಗೆ ಮಿಡತೆ ಚೆಂಡು ಬಗಲಲ್ಲಿಟ್ಟುಕೊಂಡು ಬರುತ್ತಾಳೆ. ಈ ಸಲ ಆಯ್ಕೆಯಾಗದಿದ್ದರೆ ತರಬೇತಿ ಶಿಬಿರದಲ್ಲಿ ಅವಳ ಜಾಗ ಬೇರೆಯವರಿಗೆ.

"ಹಾಸಕ್ಕಾ, ಉರುಳಿಸ್ಲಾ? ಕೋಚ್ ಮೇಡಂ ಬೇಡ ಅಂದಿದಾರೆ. ನನ್ನ ಕೈ ನಂಬೋ ಹಾಗಿಲ್ವಂತೆ."

"ಕೈ ವಿಷ್ಯ ನಂಗೊತ್ತಿಲ್ಲ ಮಗಾ. ನೆಲದ್ದು ಕೇಳು. ನೆಲ ಸರಿ ಇದೆ."

ಅಷ್ಟೇ. ಈಗ ಪ್ರತಿ ಪಟ್ಟಿಯ ಬೆನ್ನಿಗೂ ಸೀಮೆಸುಣ್ಣದಲ್ಲಿ ಕೂದಲ ದಿಕ್ಕು ತೋರುವ ಬಾಣದ ಗುರುತಿದೆ. ದೀಪ ಪೂರ್ತಿ ಹಾಕದಿದ್ದರೆ ಸುರುಳಿ ಬಿಚ್ಚುವುದಿಲ್ಲ ಎಂದು ಹಾಸಕ್ಕ ಹಟ ಹಿಡಿದು ಗೆದ್ದಿದ್ದಾರೆ.

ಒಂಬತ್ತೂವರೆಗೆ ಮ್ಯಾನೇಜರ್ ಪುಸ್ತಕ ಹಿಡಿದು ಬರುತ್ತಾರೆ. "ಆಯ್ತೇನಮ್ಮ? ಜಾಗ ಬಿಡು, ಅತಿಥಿಗಳು ಬರೋ ಹೊತ್ತು."

"ಆಯ್ತು. ಪುಸ್ತಕ ಕೊಡಿ ಸಾರ್."

"ಮತ್ತೆ ಶುರು ಮಾಡಿದ್ಯಾ? ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ ಬರುತ್ತೆ, ಗೊತ್ತಾ?"

"ಬರ್ಲಿ ಅಂತಾನೇ ಕೇಳ್ತಿರೋದು."

ಹೇಳಿದವರೇ ನಾಲ್ಕನೇ ಪಟ್ಟಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾರೆ. "ನಂಗೂ ಕಾಲು ನೋಯ್ತಾ ಇತ್ತು," ಎಂದು ನಾದಿನಿಯೂ ಪಕ್ಕದಲ್ಲೇ. ಮ್ಯಾನೇಜರ್ ಗದರುತ್ತಾರೆ, ಆಮೇಲೆ ಹಲ್ಲು ಗಿಂಜುತ್ತಾರೆ, ಆಮೇಲೆ ಗಡಿಯಾರ ನೋಡುತ್ತಾರೆ. ಇಬ್ಬರೂ ಅಲ್ಲಾಡುವುದಿಲ್ಲ. ಬಾಗಿಲಲ್ಲಿ ಬಿಳಿ ಕೋಟಿನ ಮುಖ್ಯ ಜಡ್ಜ್ ಕಾಣಿಸುತ್ತಲೇ ಪುಸ್ತಕ ಹಾಸಕ್ಕನ ಮಡಿಲಿಗೆ ಬಂದು ಬೀಳುತ್ತದೆ. ಅವರು ಪೆನ್ನಿನ ತುದಿಯನ್ನು ಒಮ್ಮೆ ಅಂಗೈಗೆ ಗೀಚಿ ನೋಡಿ, ಅವಸರವಿಲ್ಲದೆ ಬರೆಯುತ್ತಾರೆ. ಬರೆದು, ಆರಲಿ ಎಂದು ಊದುತ್ತಾರೆ. ಜಡ್ಜ್ ಕೈಕಟ್ಟಿ ಕಾಯುತ್ತಿದ್ದಾರೆ. ಕಾಯಲಿ.

ಹನ್ನೊಂದೂ ಕಾಲಿಗೆ ಮಿಡತೆಯ ಸರದಿ. ನಾನು ಮೇಲಿನ ಬೆಂಚಿಗೆ ಹೋಗದೆ ಪರದೆಯ ಹಿಂದೆ ನಿಂತಿದ್ದೇನೆ. ಕೋಚ್ ಮೇಡಂ ಬೇಡವೆಂದ ಜಾಗ ಬರುತ್ತದೆ. ಹುಡುಗಿ ಬಗ್ಗುತ್ತಾಳೆ, ಚೆಂಡನ್ನು ಉರುಳಿಸಿಬಿಡುತ್ತಾಳೆ. ಇಡೀ ಒಳಾಂಗಣ ಅವಳ ಲಾಗ ನೋಡುತ್ತಿದೆ. ಹಾಸಕ್ಕ ಅವಳನ್ನು ನೋಡುತ್ತಿಲ್ಲ. ಚೆಂಡಿನ ಮೇಲೆ ಕಣ್ಣಿಟ್ಟು ತುಟಿಯಲ್ಲೇ ಪಟ್ಟಿ ಎಣಿಸುತ್ತಿದ್ದಾರೆ. ಒಂದು. ಎರಡು. ಮೂರು. ನಾಲ್ಕು. ಚೆಂಡು ಗೆರೆ ಎಳೆದ ಹಾಗೆ ನಾಲ್ಕನ್ನೂ ದಾಟಿ, ಐದಕ್ಕೆ ಹೋಗಿ, ಬೆನ್ನ ಹಿಂದೆ ಚಾಚಿದ ಕೈಗಳಿಗೆ ಸೇರುತ್ತದೆ.

ಗ್ಯಾಲರಿ ಎದ್ದು ನಿಲ್ಲುತ್ತದೆ. ಮಧ್ಯಾಹ್ನ ಹಚ್ಚಿದ ಆಯ್ಕೆ ಪಟ್ಟಿಯಲ್ಲಿ ಮಿಡತೆ ಎರಡನೆಯವಳು. ಫೋಟೋ ತೆಗೆಯುವವರು ಅವಳ ಸುತ್ತ, ಕೋಚ್ ಮೇಡಂ ಸುತ್ತ, ಮ್ಯಾನೇಜರ್ ಸುತ್ತ. ಹೋದ ವರ್ಷದ ವರದಿಯಲ್ಲಿ 'ಕೈತಪ್ಪು' ಹಾಗೇ ಇದೆ. ಯಾರೂ ತಿದ್ದಿಲ್ಲ. ಅವರು ತಿದ್ದದಿದ್ದರೇನು, ಇಲ್ಲಿ ನಾನು ತಿದ್ದುತ್ತಿದ್ದೇನೆ, ಅದೇ ಪತ್ರಿಕೆಯಲ್ಲಿ: ಆ ಹುಡುಗಿಯ ಕೈ ಅವತ್ತೂ ತಪ್ಪಿರಲಿಲ್ಲ.

ಹಾಸಕ್ಕ ಆಗಲೇ ಮೊದಲ ಪಟ್ಟಿ ಸುತ್ತತೊಡಗಿದ್ದಾರೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ. ಸುರುಳಿಯನ್ನು ಮೊಣಕಾಲಿಂದ ಒತ್ತಿ ಹಿಡಿದೇ ಹೇಳುತ್ತಾರೆ:

"ಚಪ್ಪಾಳೆ ಹುಡುಗೀರ್ಗೇ ಇರ್ಲಿ. ಚೆಂಡು ಇನ್ನೊಂದಿನ ಅಡ್ಡ ಹೋದ್ರೆ, ಮೊದ್ಲು ನನ್ನ ಕರೆದು ಕೇಳ್ಲಿ. ಅಷ್ಟು ಸಾಕು."