ಸದ್ದಿಲ್ಲದ ಗರಗಸ

ಹಿಂದೂಪುರದ ಹಾರ್ಡ್‌ವೇರ್ ಅಂಗಡಿಗಳವರು ನಮ್ಮಕ್ಕ ಅಶ್ವತ್ಥಮ್ಮನನ್ನು ಮರೆತಿರಲಾರರು. ಗರಗಸದ ಮಿಷನ್ನು ಕೊಳ್ಳಲು ಬಂದು, ಅದನ್ನು ಚಾಲೂ ಮಾಡಿಸಿ, ದೇವರ ಮುಂದೆ ನಿಂತ ಹಾಗೆ ಕಣ್ಣು ಮುಚ್ಚಿಕೊಳ್ಳುವ ಗಿರಾಕಿಯನ್ನು ಅವರು ಬೇರೆಲ್ಲೂ ನೋಡಿರಲಿಕ್ಕಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಗಲಲ್ಲಿ ಬಟ್ಟೆಯ ಚೀಲ, ಚೀಲದಿಂದ ಇಣುಕುವ ಒಂದು ಬೇವಿನ ಹಲಗೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕಣ್ಣು ಬಿಟ್ಟು, "ಬ್ಯಾಡ ಕಣಪ್ಪ, ಇದು ಅರಚ್ತೈತೆ" ಎಂದು ಮುಂದಿನ ಅಂಗಡಿಗೆ ನಡೆಯುತ್ತಿದ್ದಳು. ಅವಳ ಹಿಂದೆ, ಅಂಗಡಿಯವನಿಗೆ ಮುಖ ತೋರಿಸಲಾರದೆ, ನಾನು.

ಅಕ್ಕನದು ಮೊದಲಿನಿಂದಲೂ ಮೆಲುದನಿ. ಲೇಪಾಕ್ಷಿ ಪಕ್ಕದ ನಮ್ಮೂರಿನಲ್ಲಿ ಅರ್ಧ ಮನೆ ರೇಷ್ಮೆ ಹುಳುವಿನದು, ಉಳಿದರ್ಧ ನಮ್ಮದು. ಹುಳು ಇರುವ ಕಡೆ ಗಟ್ಟಿಯಾಗಿ ಮಾತಾಡಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಆ ಮನೆಯಲ್ಲಿ ಬೆಳೆದೂ ನಾನು ಬಾಯಿಬಡುಕನಾದೆ. ಅಕ್ಕ ಮಾತ್ರ ಜಗಳವನ್ನೂ ಪಿಸುದನಿಯಲ್ಲೇ ಆಡುತ್ತಿದ್ದಳು. ಹುಳುವಿನ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡಿನ ಕಾಲು ಮುರಿದರೆ, ಅಪ್ಪ ಯಾರ ಮೇಲೆ ರೇಗಲಿ ಎಂದು ಯೋಚಿಸುವಷ್ಟರಲ್ಲಿ ಅವಳು ಕೈಗರಗಸ ತಂದು ಸರಿಮಾಡಿ ಹೋಗಿರುತ್ತಿದ್ದಳು. ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೇಲೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಬಿಸಿನೀರಿನ ಮುಂದೆ ವರ್ಷಗಟ್ಟಲೆ ದುಡಿದಳು. ಅಲ್ಲಿಂದ ಅವಳಿಗೆ ಉಳಿದದ್ದು ಊದಿಕೊಂಡ ಮಣಿಕಟ್ಟು, ಮತ್ತು ಏನನ್ನೇ ಆಗಲಿ ರೇಷ್ಮೆ ದಾರದಲ್ಲಿ ಅಳೆಯುವ ಅಭ್ಯಾಸ. ದಾರ ಹಿಡಿದು ಬೇಕಾದ ಕಡೆ ಗಂಟು ಹಾಕಿಕೊಳ್ಳುವಳು. ನಾನೊಮ್ಮೆ ಟೇಪು ತಂದುಕೊಟ್ಟರೆ, "ನಂಬರ್ ಓದಿದ್ರೆ ಮರ್ತೋಯ್ತೀನಿ ಕಣ್ಲಾ, ಗಂಟು ಮರೆಯಕ್ಕಿಲ್ಲ" ಎಂದು ಅದನ್ನು ಪಕ್ಕದ ಮನೆಯ ಮಕ್ಕಳಿಗೆ ಆಡಲು ಕೊಟ್ಟಳು.

ಭಾವ ನಾರಾಯಣಪ್ಪನವರದು ಇದಕ್ಕೆ ತದ್ವಿರುದ್ಧ. ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಅವರದು ಲಾರಿಗಳಿಗೆ ಪಂಕ್ಚರ್ ಹಾಕುವ ಅಂಗಡಿ. ಹಾರನ್ನು, ಕಂಪ್ರೆಸರು, ಡ್ರೈವರುಗಳ ಬೈಗುಳ, ಇವುಗಳ ನಡುವೆ ಮಧ್ಯಾಹ್ನ ಗೊರಕೆ ಹೊಡೆಯಬಲ್ಲ ಗಟ್ಟಿ ಆಸಾಮಿ. ಅಂಥವರಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತವು. ಅದಾದರೂ ನಮಗೆ ಅರ್ಥವಾಗುವ ಸಂಕಟ. ಅರ್ಥವಾಗದ್ದೆಂದರೆ, ಆಮೇಲೆ ಅವರಿಗೆ ಸದ್ದೇ ತಡೆಯದಾಯಿತು. ಕುಕ್ಕರ್ ಕೂಗಿದರೆ ಮೈಯೆಲ್ಲ ಅದುರಿ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲವರಿಗೆ ಹೀಗಾಗುತ್ತದೆ, ಕಡಿಮೆಯಾಗಲೂಬಹುದು ಎಂದಷ್ಟೇ ಡಾಕ್ಟರು ಹೇಳಿದರು. ಅಕ್ಕ ಕುಕ್ಕರನ್ನು ಅಟ್ಟಕ್ಕೆ ಹಾಕಿ ಪಾತ್ರೆಯಲ್ಲಿ ಅನ್ನ ಬೇಯಿಸತೊಡಗಿದಳು.

ಭಾವನಿಗೆ ಉಳಿದಿದ್ದ ಆಸೆ ಒಂದೇ: ಮುಂದಿನ ಜಗಲಿಯವರೆಗೆ ತಾವೇ ನಡೆದುಹೋಗಿ ಕೂತು, ರಸ್ತೆಯಲ್ಲಿ ಹೋಗಿಬರುವವರನ್ನು ನೋಡುವುದು. ಎತ್ತಿಕೊಂಡು ಹೋಗಿ ಕೂರಿಸಲು ಬೀದಿಯಲ್ಲಿ ಜನರಿಗೇನು ಕೊರತೆ? ಆದರೆ ಯಾರಾದರೂ ತೋಳಿಗೆ ಕೈಹಾಕಿದರೆ ಅವರು ಕೆರಳುತ್ತಿದ್ದರು. "ನನ್ನ ಹಿಡ್ಕಬ್ಯಾಡ್ರಪ್ಪ. ನಾನು ಹಿಡ್ಕಂತೀನಿ, ಹಿಡ್ಕಳಕ್ಕೆ ಏನಾರ ಕೊಡ್ರಿ" ಎನ್ನುತ್ತಿದ್ದರು. ಅಕ್ಕ ಆ ಮಾತನ್ನು ಹಾಗೇ ನೆಲಕ್ಕೆ ಬೀಳಲು ಬಿಡಲಿಲ್ಲ. ಮಂಚದಿಂದ ಬಚ್ಚಲಿಗೆ, ಮಂಚದಿಂದ ಜಗಲಿಗೆ, ಗೋಡೆಯುದ್ದಕ್ಕೂ ಮರದ ಹಿಡಿಪಟ್ಟಿ ಹಾಕಿಕೊಡುತ್ತೇನೆಂದು ಮಾತು ಕೊಟ್ಟಳು. ಸ್ಟೀಲ್ ಪೈಪು ಹಾಕಿಸು ಎಂದು ನಾನೆಂದರೆ, "ಬೆವರಿದ ಕೈಗೆ ಸ್ಟೀಲು ಜಾರ್ತೈತೆ" ಎಂದಳು. ಬಡಗಿಗಳನ್ನು ಕೇಳಿದರೆ ಇಷ್ಟು ಸಣ್ಣ ಕೆಲಸಕ್ಕೆ ಬರುವವರು ಯಾರೂ ಇಲ್ಲ. ಮನೆ ಹಳೆಯ ಮಣ್ಣುಗೋಡೆಯದು, ತೂತಿಗೆ ಕೈಬೈರಿಗೆ ಸಾಕು. ಹಲಗೆಗಳನ್ನು ಉದ್ದಕ್ಕೆ ಸೀಳುವುದೇ ಆ ಮಣಿಕಟ್ಟಿಗೆ ಆಗದ ಕೆಲಸ.

ಹಾಗಾಗಿ ಮೇಜಿನ ಮಧ್ಯದಿಂದ ದುಂಡನೆಯ ಬ್ಲೇಡು ಮೇಲೆ ಹಣಕುವ, ಟೇಬಲ್ ಸಾ ಅನ್ನುತ್ತಾರಲ್ಲ, ಆ ಯಂತ್ರದ ಬೇಟೆ ಶುರುವಾಯಿತು. ನಾನು ಕಲ್ಯಾಣದುರ್ಗದ ಬಸ್ ಡಿಪೋದಲ್ಲಿ ಗುಮಾಸ್ತ. ಮರಗೆಲಸದಲ್ಲಿ ನನ್ನ ಅನುಭವ ಪೆನ್ಸಿಲ್ ಚೂಪು ಮಾಡಿದ್ದು. ಆದರೂ ಅಂಗಡಿಗೆ ಗಂಡಸೊಬ್ಬ ಜೊತೆಗಿರಬೇಕೆಂದು ಅಕ್ಕ ನನ್ನನ್ನು ರಜೆ ಹಾಕಿಸಿ ಕರೆಸುತ್ತಿದ್ದಳು. ಕೈಯಲ್ಲಿ ಹಿಡಿದು ಕೊಯ್ಯುವ ಮಿಷನ್ನು ಅಗ್ಗ ಎಂದು ನಾನು ಮೊದಲ ದಿನವೇ ಹೇಳಿದ್ದೆ.

"ಮಿಷನ್ನ ಹಿಡಿಯೋ ತ್ರಾಣ ನಂಗಿಲ್ಲ ಕಣ್ಲಾ. ಅದು ಕೂತಿರ್ಲಿ, ಮರ ನಾನು ತಳ್ತೀನಿ" ಅಂದಳು.

ಅಂಗಡಿಯವನು ನನ್ನ ಕಡೆ ತಿರುಗಿ ತೆಲುಗಿನಲ್ಲಿ, "ಏಂ ಕಾವಾಲಿ ಸಾರ್?" ಎನ್ನುವನು. "ಕಾವಲಸಿಂದಿ ನಾಕು", ಬೇಕಾಗಿರುವುದು ನನಗೆ, ಎಂದು ಅಕ್ಕ ಮೆತ್ತಗೆ ಹೇಳುವಳು. ಅವನು ನಂಬದೆ ಮತ್ತೆ ನನಗೇ ಮೋಟರಿನ ಶಕ್ತಿ ವಿವರಿಸುವನು. ಅಷ್ಟರಲ್ಲಿ ಅವಳು ಮೇಜಿನ ಮೇಲೆ ರೇಷ್ಮೆ ದಾರವನ್ನು ಬಿಗಿಯಾಗಿ ಎಳೆದು, ತಗಡು ಎಲ್ಲಿ ತಗ್ಗಾಗಿದೆ ಎಂದು ನೋಡುತ್ತಿರುತ್ತಿದ್ದಳು. ಮರ ನೇರವಾಗಿ ಹೋಗಲೆಂದು ಪಕ್ಕದಲ್ಲಿರುವ ಉದ್ದನೆಯ ಗೈಡನ್ನು ಬಿಗಿದು ಹೆಬ್ಬೆರಳಿನಿಂದ ಒತ್ತುವಳು. ಅದು ಅಲುಗಿದರೆ ಆ ಮಿಷನ್ನು ಬೇಡ. ಅಗ್ಗದ್ದೊಂದು ಸಿಕ್ಕಿತು, ತಗಡಿನ ಮೇಜಿಗೆ ಕೈಗರಗಸವನ್ನು ತಲೆಕೆಳಗಾಗಿ ಬಿಗಿದದ್ದು. ಬ್ಲೇಡಿನ ಮೇಲೆ ಮುಚ್ಚಳವೇ ಇಲ್ಲ. "ಇದ್ರಾಗೆ ಬೆರಳು ಹೋದ್ರೆ ಅವರ್ಗೆ ಅನ್ನ ಕಲಸಿಕೊಡೋರ್ಯಾರು?" ಅಂದಳು. ಗಟ್ಟಿಮುಟ್ಟಾದದ್ದು ಸಿಕ್ಕಿತು, ಅದನ್ನು ಅಲುಗಿಸಲು ಆಳುಗಳು ಬೇಕು. ಅವಳಿಗೋ ಕೆಲಸ ಮುಗಿದ ಮೇಲೆ ಮಂಚದ ಕೆಳಗೆ ತಳ್ಳುವಂಥದ್ದಾಗಬೇಕು. ಕೊನೆಗೊಂದು ಅಂಗಡಿಯಲ್ಲಿ ಎಲ್ಲ ಹೊಂದುವ ಮಿಷನ್ನು ಸಿಕ್ಕಿತು. ಮೇಜು ಸಮ, ಗೈಡು ಭದ್ರ, ಬ್ಲೇಡಿಗೆ ಮುಚ್ಚಳ, ಎತ್ತಲು ಹಿಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರು ಮಾರಿ ಬಂದ ದುಡ್ಡಿಗೆ ಸರಿಹೋಗುವಷ್ಟೇ ಬೆಲೆ. ಆದರೆ ಅದೂ ಅರಚುತ್ತಿತ್ತು.

ಆಗ ಅಕ್ಕನಿಗೆ ಒಂದು ಯೋಚನೆ ಹೊಳೆಯಿತು. "ಕೇಳೋ ಕಿವಿ ನಂದಲ್ಲವಲ್ಲಪ್ಪ, ಅವರ್ದು" ಎಂದು ಮನೆಗೆ ಫೋನು ಮಾಡಿ, ಫೋನನ್ನು ಮಿಷನ್ನಿನ ಪಕ್ಕದಲ್ಲೇ ಹಿಡಿದಳು. ಅಂಗಡಿಯವನು ಬ್ಲೇಡು ಓಡಿಸಿದ. ನಾನು ಕಿವಿ ಮುಚ್ಚಿಕೊಂಡೆ. ಮಿಷನ್ನು ನಿಂತ ಮೇಲೆ ಸ್ಪೀಕರ್ ಹಾಕಿ, "ಹೆಂಗೈತೆ?" ಎಂದು ಕೇಳಿದಳು.

"ಯಾವ್ದು? ಸೊಳ್ಳೆ ಗುಂಯ್ ಅಂದಂಗಾಯ್ತು, ಅದಾ?" ಎಂದರು ಭಾವ. "ಇಷ್ಟೇ ಆದ್ರೆ ತಗಂಬುಡು. ನಿನ್ ತಮ್ಮನ ಗಂಟಲಿಗಿಂತ ವಾಸಿ ಐತೆ."

ಅಕ್ಕ ನಕ್ಕ ನಗುವನ್ನು ನಾನು ಮರೆಯಲಾರೆ. ಅಂಗಡಿಯವನೂ ನಕ್ಕ. ಆಟೋದಲ್ಲಿ ಆ ಡಬ್ಬವನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು.

ಸುತ್ತಲ ಗಲಾಟೆಯಲ್ಲೂ ಮಾತು ಕೇಳಲಿ ಎಂದು ಈಗಿನ ಫೋನುಗಳು ಗಲಾಟೆಯನ್ನು ತಾವೇ ನುಂಗಿಬಿಡುತ್ತವಂತೆ. ಇದನ್ನು ನಮ್ಮ ಡಿಪೋದ ಮೆಕ್ಯಾನಿಕ್ ಒಬ್ಬರು ಹೇಳಿದ್ದು ಆಮೇಲೆ. ಅವತ್ತು ಅಕ್ಕ ಹಿತ್ತಲಲ್ಲಿ ಮಿಷನ್ನಿಟ್ಟು, ಬಾಗಿಲು ಹಾಕಿ, ಭಾವನ ಕಿವಿಗೆ ಹತ್ತಿ ಇಟ್ಟು, ಬೇವಿನ ಹಲಗೆಯನ್ನು ಬ್ಲೇಡಿಗೆ ತಾಕಿಸಿದಳು. ಒಳಗೆ ಭಾವನ ಹತ್ತಿರ ಕೂತಿದ್ದವನು ನಾನು. ಅವರು ಒಂದೇ ಕೈಯಲ್ಲಿ ಎರಡು ಕಿವಿಗಳನ್ನೂ ಮುಚ್ಚಿಕೊಳ್ಳಲು ಒದ್ದಾಡಿದರು. ಆಗಲಿಲ್ಲ. ನಾನು ಇನ್ನೊಂದು ಕಿವಿ ಮುಚ್ಚಿದರೂ ಮಗುವಿನ ಹಾಗೆ ಅತ್ತರು. ನಿಲ್ಲಿಸೆಂದು ನಾನು ಕೂಗಿದೆ, ನನ್ನ ಗಂಟಲು ಮೊದಲ ಬಾರಿಗೆ ಉಪಯೋಗಕ್ಕೆ ಬಂತು.

ಅಕ್ಕ ಕೂದಲಲ್ಲಿ ಮರದ ಪುಡಿಯೊಂದಿಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು. ಭಾವ ಕಣ್ಣೊರೆಸಿಕೊಂಡು, "ತಡ್ಕಂತೀನಿ ಕಣೇ. ನೀನು ಮಾಡು" ಎಂದರು. ಅವಳು ಆಗದೆಂದು ತಲೆ ಅಲ್ಲಾಡಿಸಿದಳು. ಬ್ಲೇಡು ಮರ ಮುಟ್ಟಿದ ಮೇಲೆ ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ, ಅವನದೂ ತಪ್ಪೆನ್ನಲಾರೆ. ಗೋಡೆಗೆ ಗೋಡೆ ಅಂಟಿದ ಬೀದಿ ಅದು, ಯಾರ ಮನೆಯಲ್ಲಿ ಓಡಿಸಿದರೂ ಭಾವನಿಗೆ ಕೇಳುತ್ತದೆ. ಭಾವ ಹೊರಗೆ ಹೋದರೆ ಮಿಷನ್ನು ಓಡಿಸಬಹುದು; ಮಿಷನ್ನು ಓಡಿದರೆ ತಾನೇ ಭಾವ ಹೊರಗೆ ಹೋಗುವುದು? ಈ ಗಂಟನ್ನು ಎಲ್ಲಿಂದ ಬಿಡಿಸಬೇಕೆಂದು ತಿಳಿಯದೆ ನಾನು ಸುಮ್ಮನೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಷ್ಟು ಕೈಲಾಗದವನು ನಾನೆಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಮುಂದಿನ ಭಾನುವಾರ ಅಕ್ಕ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು, ಮಿಷನ್ನಿನ ಸಮೇತ. ಹಿಂದೂಪುರದಿಂದ ಬಸ್ಸು ಹತ್ತಿ, ನಡುವೆ ಇಳಿದು, ಇನ್ನೊಂದು ಹತ್ತಿ, ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಭಾವನನ್ನು ಪಕ್ಕದ ಮನೆಯ ಹೆಂಗಸು ನೋಡಿಕೊಳ್ಳಲು ಒಪ್ಪಿದ್ದಳಂತೆ. ನಮ್ಮ ಮನೆ ಬೆಳುಗುಪ್ಪ ರಸ್ತೆಯ ಕೊನೆಯಲ್ಲಿ, ಹಿಂದೆ ಬಯಲು. "ಇಲ್ಲಿ ಅರಚ್ಕಳ್ಲಿ ಬುಡು" ಎಂದಳು.

ಅಂದಿನಿಂದ ಅವಳ ಕೆಲಸದ ರೀತಿ ಹೀಗಾಯಿತು. ಮನೆಯಲ್ಲಿ ಗೋಡೆಗೆ ದಾರ ಹಿಡಿದು ಗಂಟು ಹಾಕಿಕೊಳ್ಳುವುದು, ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ನಮ್ಮಲ್ಲಿಗೆ ಬರುವುದು, ಗಂಟಿನಷ್ಟಕ್ಕೆ ಸೀಳಿ, ಕೊಯ್ದು, ಉಪ್ಪುಕಾಗದ ಹಾಕಿ ಉಜ್ಜಿ, ಪಟ್ಟಿಗಳನ್ನು ಕಬ್ಬಿನಂತೆ ಕಟ್ಟಿ ಹೊತ್ತುಕೊಂಡು ಸಂಜೆಯ ಬಸ್ಸಿಗೆ ಹೋಗುವುದು. ಉಜ್ಜಿದ ಪಟ್ಟಿಯ ಮೇಲೆ ತನ್ನ ಕೆನ್ನೆ ಆನಿಸಿ ಎಳೆದು ನೋಡುವಳು. ಸಿಬಿರು ಇದ್ದರೆ ತನ್ನ ಕೆನ್ನೆಗೇ ಚುಚ್ಚಲಿ ಎಂದು. ಎಷ್ಟೋ ಸಲ ಚುಚ್ಚಿಯೂ ಇತ್ತು. ಒಮ್ಮೆಗೇ ಎಲ್ಲ ಕೊಯ್ದುಕೊಂಡು ಹೋಗಬಾರದೇ ಎಂದು ಕೇಳಿದರೆ, ಒಂದು ಪಟ್ಟಿ ಕೂತ ಮೇಲೆಯೇ ಮುಂದಿನದರ ಅಳತೆ ಗೊತ್ತಾಗುವುದು, ಆ ಮನೆಯ ಒಂದು ಗೋಡೆಯೂ ನೆಟ್ಟಗಿಲ್ಲ ಎಂದಳು.

ಮೊದಲು ಬಚ್ಚಲಿಗೆ ಹೋಗುವ ಗೋಡೆಗೆ ಪಟ್ಟಿ ಕೂತಿತು. ಅವತ್ತು ಭಾವ ಬಲಗೈಯಲ್ಲಿ ಹಿಡಿದು ತಾವೇ ಹೋದರು. ಅಕ್ಕ ಫೋನು ಮಾಡಿ ನನಗೂ ಹೇಳಿದಳು. ಅವರು ಬಚ್ಚಲಿನಿಂದ ಹೊರಗೆ ಬರುವಾಗ ನೋಡಿದರೆ ಪಟ್ಟಿ ಸತ್ತ ಎಡಗೈಯ ಕಡೆಗಿದೆ! ಹೋಗುವುದನ್ನು ಅಷ್ಟು ಯೋಚಿಸಿದವಳು ಬರುವುದನ್ನು ಯೋಚಿಸಿರಲಿಲ್ಲ. ಭಾವ ಯಾರನ್ನೂ ಹತ್ತಿರ ಬಿಡದೆ, ಬೆನ್ನು ಮುಂದೆ ಮಾಡಿಕೊಂಡು, ಅದೇ ಪಟ್ಟಿಯನ್ನು ಬಲಗೈಯಲ್ಲಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದು ಮಂಚ ಸೇರಿದರು. "ಲಾರಿ ರಿವರ್ಸ್ ಬಂದಂಗೆ ಬಂದ್ಬುಟ್ಟೆ ಕಣಯ್ಯ, ಕ್ಲೀನರ್ ಇಲ್ದಲೆ" ಎಂದು ಫೋನಿನಲ್ಲಿ ನನಗೆ ಹೇಳಿ ನಕ್ಕರು. ಹಿಂದಿನಿಂದ ಅಕ್ಕ ಅಳುವುದೂ ನಗುವುದೂ ಕೇಳುತ್ತಿತ್ತು. ಫೋನು ಅದನ್ನು ಮಾತ್ರ ನುಂಗಲಿಲ್ಲ.

ಹಾಗಾಗಿ ಎರಡೂ ಗೋಡೆಗಳಿಗೆ ಪಟ್ಟಿ ಬೇಕಾಯಿತು, ಬಸ್ಸಿನ ಓಡಾಟವೂ ಎರಡರಷ್ಟಾಯಿತು. ನಮ್ಮ ಡಿಪೋದ ಕಂಡಕ್ಟರುಗಳಿಗೆಲ್ಲ ಅಕ್ಕ ಪರಿಚಯವಾದಳು. ಬಡಕಲಾಗುತ್ತಿದ್ದಳು. ಬಸ್ಸಿಳಿದು ಮನೆಗೆ ನಡೆದು ಬರುವಷ್ಟರಲ್ಲಿ ಏದುಸಿರು. ಆಸ್ಪತ್ರೆಗೆ ತೋರಿಸೋಣ ಎಂದರೆ, "ಜಗಲಿಗೆ ಮುಟ್ಟಿಸ್ಬುಟ್ಟು ಬತ್ತೀನಿ" ಎನ್ನುತ್ತಿದ್ದಳು. ಬಲವಂತವಾಗಿ ಎಳೆದುಕೊಂಡು ಹೋಗುವಷ್ಟು ಜೋರು ನನಗೆ ಅವಳ ಮುಂದೆ ಯಾವತ್ತೂ ಇರಲಿಲ್ಲ. ಮೆಲ್ಲಗೆ ಮಾತಾಡುವವರನ್ನು ಗದರಿಸುವುದು ಹೇಗೋ ನನಗೆ ತಿಳಿಯದು.

ಕೊನೆಯ ಸಲ ಬಂದಾಗ ಉಳಿದಿದ್ದದ್ದು ಬಾಗಿಲ ಪಕ್ಕದ, ಒಳಗಿನಿಂದ ಜಗಲಿಗೆ ದಾಟುವ ಕಡೆಯ ಮೊಳದುದ್ದದ ತುಂಡು. ಕೊಯ್ದಳು, ಉಜ್ಜಿದಳು, ಕೆನ್ನೆಗೆ ಒತ್ತಿ ನೋಡಿದಳು. ಬಾಗಿಲ ಹತ್ತಿರ ಮಳೆ ಬಡಿಯುತ್ತದೆಂದು ಇದಕ್ಕೆ ಮಾತ್ರ ವಾರ್ನಿಷ್ ಹಚ್ಚಿದಳು. ಬಸ್ಸಿನ ಹೊತ್ತಾದರೂ ಅದು ಒಣಗಲಿಲ್ಲ. ಬೆರಳಿಟ್ಟು ನೋಡಿ, ಅಂಟುವುದನ್ನು ಕಂಡು, "ಇಲ್ಲೇ ಇರ್ಲಿ ಬುಡು. ಬರೋ ಭಾನುವಾರ ಬತ್ತೀನಿ" ಎಂದು ಬರಿಗೈಯಲ್ಲಿ ಹೋದಳು. ಅವಳು ಬರಿಗೈಯಲ್ಲಿ ಬಸ್ಸು ಹತ್ತಿದ್ದನ್ನು ನೋಡಿ ಕಂಡಕ್ಟರು ತಮಾಷೆ ಮಾಡಿದ.

ಆ ಭಾನುವಾರಕ್ಕೆ ಮುಂಚೆಯೇ ಒಂದು ಬೆಳಗ್ಗೆ, ಹಾಲು ತರಲು ಎದ್ದವಳು ಹೊಸ್ತಿಲ ಹತ್ತಿರ ಕುಸಿದಳಂತೆ. ಎದೆಬಡಿತ ನಿಂತುಹೋಯಿತು ಎಂದರು. ಪಕ್ಕದ ಮನೆಯವರ ಫೋನು ಬಂದಾಗ ನಾನು ಉಟ್ಟ ಬಟ್ಟೆಯಲ್ಲೇ ಹೊರಟೆ. ಆ ತುಂಡು ಗೋಡೆಗೆ ಒರಗಿಯೇ ಇತ್ತು. ಅಂಥ ಹೊತ್ತಿನಲ್ಲಿ ಯಾರಿಗೆ ತಾನೇ ಅದು ಕಣ್ಣಿಗೆ ಬೀಳುತ್ತದೆ?

ಹಿಂದೂಪುರ ಸೇರುವಷ್ಟರಲ್ಲಿ ಅಕ್ಕನನ್ನು ಜಗಲಿಯ ಮೇಲೆ ಮಲಗಿಸಿದ್ದರು. ಹೆಂಗಸರು ಬಾಯಿಗೆ ಸೆರಗು ಹಿಡಿದು ಸದ್ದಿಲ್ಲದೆ ಅಳುತ್ತಿದ್ದರು. ಒಳಗೆ ಭಾವನಿಗೆ ತಡೆಯುವುದಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಎತ್ತಿಕೊಂಡು ಬರಲು ಹೋದವರನ್ನು ಅವರು ಬಲಗೈ ಬೀಸಿ ದೂರ ಕಳಿಸಿದ್ದರು. ನಾನು ಒಳಗೆ ಹೋದಾಗ ಅವರು ಎದ್ದು ನಿಂತು ಪಟ್ಟಿ ಹಿಡಿದಿದ್ದರು. ಅದರ ಮೇಲೆ ಕೈ ಜಾರಿಸುತ್ತಾ, ಗೋಡೆ ಸೊಟ್ಟಗಾದಲ್ಲಿ ತಾವೂ ಸೊಟ್ಟಗಾಗುತ್ತಾ, ನಡುಮನೆ ದಾಟಿ ಬಾಗಿಲ ಹತ್ತಿರ ಬಂದರು. ಅಲ್ಲಿ ಪಟ್ಟಿ ಮುಗಿಯಿತು. ಬಲಗೈ ಮುಂದಕ್ಕೆ ಚಾಚಿ ಬರಿಯ ಗೋಡೆಯನ್ನು ತಡವಿತು, ಮತ್ತೆ ಹಿಂದೆ ಬಂತು, ಮತ್ತೆ ತಡವಿತು.

ನಾನು ಅವರನ್ನು ಹಿಡಿಯಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಒತ್ತಿ ನಿಂತು, ಪಟ್ಟಿ ಎಲ್ಲಿ ನಿಂತಿತ್ತೋ ಅಲ್ಲಿಂದ ಆಚೆಗೆ, ಅದೇ ಎತ್ತರಕ್ಕೆ ನನ್ನ ಮುಂಗೈ ಚಾಚಿದೆ. ಭಾವ ಅದನ್ನು ಹಿಡಿದರು. ನನ್ನ ಮುಖ ನೋಡಲಿಲ್ಲ. ಹೊಸ್ತಿಲು ದಾಟಿ, ಜಗಲಿಯ ಮೇಲೆ ಅವಳ ತಲೆಯ ಹತ್ತಿರ ಕೂತು, ಉಸಿರು ಸುಧಾರಿಸಿಕೊಂಡರು. ಆಮೇಲೆ ಬಗ್ಗಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಯಾರೂ ಹಿಡ್ಕಂಡಿಲ್ಲ ಕಣೇ. ನಾನೇ ಬಂದೆ."