ಲಂಡನ್ನಿನಲ್ಲಿಲ್ಲದ ವರ

ನಮ್ಮ ಅಕ್ಕನ ಮಗಳಿಗೆ ಮಸ್ಕಿಯ ಸಂಬಂಧ ಬಂದಾಗ ನನ್ನ ಕಿವಿಗೆ ಮೊದಲು ಬಿದ್ದ ಮಾತು "ನಮ್ಮ ಹುಡುಗ ಲಂಡನ್ನಾಗ ಅದಾನ" ಎಂಬುದು. ಹೇಳಿದವರು ಹುಡುಗನ ತಾಯಿ. ಸಿಂಧನೂರಿನಲ್ಲಿ ಪರಿಚಯದವರ ಮನೆಯ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಅವರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಮಗ ನರ್ಸಿಂಗ್ ಓದಿದವನು, ಅಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ. ತಂದೆ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ನಮ್ಮ ಹುಡುಗಿ ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಬ್ಬರದೂ ಆಸ್ಪತ್ರೆಯ ಕೆಲಸವೇ. ನನಗೆ ಊಟ ಮುಗಿಯುವುದರೊಳಗೆ ಸಂಬಂಧ ಮನಸ್ಸಿಗೆ ಬಂದುಬಿಟ್ಟಿತ್ತು.

ನಮ್ಮ ಅಣ್ಣ ಮಾತ್ರ ಸುಲಭಕ್ಕೆ ಒಪ್ಪುವವನಲ್ಲ. ಅಕ್ಕನ ಗಂಡ ತೀರಿಕೊಂಡ ಮೇಲೆ ಆ ಹುಡುಗಿಯ ಫೀಸು, ಹಾಸ್ಟೆಲ್ಲು, ಜ್ವರ, ನೆಗಡಿ ಎಲ್ಲಕ್ಕೂ ಓಡಾಡಿದವನು ಅವನೇ. ನೀರಾವರಿ ಇಲಾಖೆಯಲ್ಲಿ ಕೆಲಸ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಹೋಗಿದೆ ಎಂದು ಯಾರಾದರೂ ಹೇಳಿದರೆ ನಂಬದೆ ಗಾಡಿ ಹತ್ತಿ ಹೋಗಿ ನೋಡಿ ಬರುವ ಮನುಷ್ಯ. ಸೋದರ ಸೊಸೆಯ ವಿಷಯದಲ್ಲಿ ಬಿಡುತ್ತಾನೆಯೇ?

ಕಳಿಸಿದ ಬಯೋಡೇಟಾದಲ್ಲಿ ಯು.ಕೆ. ಎಂದಿತ್ತು. ನಡುವೆ ನಿಂತು ಮಾತಾಡಿಸಿದ ಹಿರಿಯರು "ಬ್ರಿಟನ್" ಅಂದರು. ಹುಡುಗನ ತಂದೆ ಫೋನಿನಲ್ಲಿ "ಇಂಗ್ಲೆಂಡಿನಾಗ ಅದಾನ್ರಿ" ಅಂದರು. ಕೊನೆಗೆ ಅಣ್ಣ ಹುಡುಗನಿಗೇ ಫೋನ್ ಹಚ್ಚಿ ಯಾವ ಊರಪ್ಪಾ ಎಂದು ಕೇಳಿದರೆ, ಅವನು "ವೇಲ್ಸ್" ಎಂದ. ಅಣ್ಣ ಫೋನ್ ಇಟ್ಟು ನನ್ನ ಮುಖ ನೋಡಿದ.

"ಒಬ್ಬ ಮನಿಷ್ಯಾ ಎಷ್ಟು ಕಡೆ ಇರ್ತಾನ? ತಾಯಿ ಒಂದು ಹೇಳ್ತಾಳ, ತಂದಿ ಒಂದು ಹೇಳ್ತಾನ, ಇವ ಯಾವ್ದೋ ತಿಮಿಂಗಿಲ ಮೀನಿನ ಹೆಸರು ಹೇಳಾಕತ್ತಾನ."

ನಾನು ಓದಿದ ಪಾಠಗಳಲ್ಲಿ ಇಂಗ್ಲಿಷರು, ಬ್ರಿಟಿಷರು ಇಬ್ಬರೂ ಒಂದೇ. ಒಮ್ಮೆ ಆ ಹೆಸರು, ಒಮ್ಮೆ ಈ ಹೆಸರು.

ಅಷ್ಟರಲ್ಲಿ ಹುಡುಗನ ಹೊಸದೊಂದು ಫೋಟೋ ಬಂತು. ಮಳೆ ನಿಂತ ಮೇಲಿನ ರಸ್ತೆ, ಹಿಂದೆ ಹಸಿರು ಗುಡ್ಡ, ದಪ್ಪ ಕೋಟು ಹಾಕಿ ನಗುತ್ತ ನಿಂತ ಹುಡುಗ. ಅಕ್ಕ ಹುಡುಗನ ಮುಖ ನೋಡಿದಳು, ನಾನು ಗುಡ್ಡ ನೋಡಿದೆ. ಅಣ್ಣ ನೋಡಿದ್ದು ರಸ್ತೆಯನ್ನು. ಡಾಂಬರಿನ ಮೇಲೆ ಬಿಳಿ ಬಣ್ಣದ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಏನೋ ಬರೆದಿತ್ತು. ಅಣ್ಣ ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಅ... ರ... ಫ್. ಅರಫ್! ಇದು ಇಂಗ್ಲಿಷ್ ಮಾತಲ್ಲ."

ಅವನು ಆ ಫೋಟೋವನ್ನು ಬಸ್ ನಿಲ್ದಾಣದ ಹತ್ತಿರ ಟೈರಿನ ಅಂಗಡಿ ಇಟ್ಟಿರುವ ತನ್ನ ಗೆಳೆಯನಿಗೆ ತೋರಿಸಿದ. ಆ ಗೆಳೆಯ ಸೌದಿಯಲ್ಲಿ ಡ್ರೈವರಾಗಿ ಬಹಳ ವರ್ಷ ಇದ್ದು ಬಂದವರು. "ಅರಬ್ಬಿ ಮಾತಿನಂಗ ಕಾಣ್ತೈತಿ. ಆದ್ರ ಇಂಥ ಹಸಿರು ಗುಡ್ಡ ನಾ ಅಲ್ಲಿ ನೋಡಿಲ್ಲಪಾ" ಎಂದರಂತೆ. ಅಣ್ಣ ಮಾತಿನ ಎರಡನೆಯ ಅರ್ಧವನ್ನು ಅಲ್ಲೇ ಬಿಟ್ಟು, ಮೊದಲ ಅರ್ಧವನ್ನು ಮನೆಗೆ ತಂದ.

"ಹುಡುಗ ದುಬೈ ಕಡೆ ಅದಾನ. ಅಲ್ಲಿ ದುಡಿಯೋದು ತಪ್ಪಲ್ಲ. ಆದ್ರ ಲಂಡನ್ ಅಂತ ಸುಳ್ಳು ಯಾಕ ಹೇಳ್ಬೇಕು?"

ಅಕ್ಕ ಅಂದು ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಅತ್ತಳು. ಫೋನಿನಲ್ಲಿ ಬೇಡ ಎಂದುಬಿಡುವ ಬದಲು ಒಮ್ಮೆ ಹೋಗಿ ನೇರವಾಗಿ ಕೇಳೋಣ ಎಂದು ನಾನು ಹಟ ಹಿಡಿದೆ. ಭಾನುವಾರ ಅಣ್ಣನೂ ನಾನೂ ಮಸ್ಕಿಯ ಬಸ್ಸು ಹತ್ತಿದೆವು. ಭತ್ತದ ಗದ್ದೆಗಳು ಮುಗಿದು ತೊಗರಿಯ ಎರೆಹೊಲಗಳು ಶುರುವಾಗುವವರೆಗೂ ಅಣ್ಣ ಆ ಫೋಟೋವನ್ನೇ ತೆಗೆದು ತೆಗೆದು ನೋಡಿದ.

ಅವರ ಮನೆಯಲ್ಲಿ ಚಹಾ ಬಂತು, ಮಂಡಾಳು ಒಗ್ಗರಣೆ ಬಂತು. ಅಣ್ಣ ಎರಡನ್ನೂ ಮುಟ್ಟದೆ ಕೇಳಿಯೇಬಿಟ್ಟ: "ಯಜಮಾನ್ರ, ನಿಮ್ಮ ಹುಡುಗ ಖರೇ ಎಲ್ಲಿ ಅದಾನ್ರಿ?"

ಹುಡುಗನ ತಂದೆಯ ಮುಖ ಸಣ್ಣದಾಯಿತು. ಜೀವಮಾನವೆಲ್ಲ ಟಿಕೆಟ್ ಹರಿದು ಊರೂರಿನ ಹೆಸರು ಕೂಗಿದ ಮನುಷ್ಯ. ಮಗನ ಊರಿನ ಹೆಸರು ಹೇಳಲು ಹೋಗಿ ತೊದಲಿದರು. ನಂತರ ಮಗನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅಣ್ಣನ ಕೈಗೆ ಕೊಟ್ಟರು.

ಹುಡುಗ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಕೋಣೆಗೆ ಬಂದಿದ್ದ. ಕಣ್ಣು ಕೆಂಪಗಿದ್ದವು. ಅಣ್ಣ ಅರಫ್ ಎಂದಾಗ ಮೊದಲು ಅವನಿಗೆ ತಿಳಿಯಲಿಲ್ಲ, ತಿಳಿದಾಗ ನಗು ತಡೆಯಲಿಲ್ಲ. ಆದರೆ ಅಣ್ಣನ ಹಿಂದೆ ನಿಂತ ತನ್ನ ತಾಯಿಯ ಮುಖ ಕಂಡು ಗಂಭೀರನಾದ.

"ಅದು ಇಲ್ಲಿನವರ ಭಾಷಾ ರೀ ಮಾವಾರ, ವೆಲ್ಷ್ ಅಂತಾರ. ಅರಫ್... ಅವ್ರು 'ಅರವ್' ಅಂತಾರ, ನಿಧಾನ ಹೋಗ್ರಿ ಅಂತ ಅರ್ಥ. ಅದರ ಬಾಜೂಕ ಇಂಗ್ಲಿಷಿನಾಗೂ ಬರದಿರ್ತೈತಿ, ಆವತ್ತು ನಾ ಅದರ ಮ್ಯಾಲೆ ನಿಂತಿದ್ದೆ."

"ಹಂಗಾದ್ರ ನೀ ಇರೋದು ಇಂಗ್ಲೆಂಡಲ್ಲ?"

"ಅಲ್ರಿ. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸು ಮೂರೂ ಒಂದ ದ್ವೀಪದಾಗ ಅದಾವು. ಆ ಮೂರಕ್ಕೂ ಕೂಡಿ ಬ್ರಿಟನ್ ಅಂತಾರ. ಬಾಜೂಕಿನ ದ್ವೀಪದಾಗ ಉತ್ತರ ಐರ್ಲೆಂಡ್ ಐತಿ. ಅದನ್ನೂ ಕೂಡಿಸಿದ್ರ ಯು.ಕೆ."

"ಅಂದ್ರ ವೇಲ್ಸ್ ಒಂದು ಜಿಲ್ಲಾ?"

"ಜಿಲ್ಲಾ ಅಂದ್ರ ಸಿಟ್ಟಿಗೇಳ್ತಾರ್ರಿ. ದೇಶ ಅಂತಾರ."

"ದೇಶದಾಗ ಮತ್ತ ದೇಶ ಹ್ಯಾಂಗ ಇರ್ತೈತಿ?"

"ನನಗೂ ಮೊದ್ಲು ತಿಳಿದಿದ್ದಿಲ್ರಿ" ಎಂದ ಹುಡುಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾರ್ಡಿನ ಒಬ್ಬ ಮುದುಕರಿಗೆ ಚಹಾ ಕೊಡುತ್ತ, ನೀವು ಇಂಗ್ಲಿಷಿನವರು ಹಾಲು ಹೆಚ್ಚು ಹಾಕುತ್ತೀರಾ ಎಂದು ಕೇಳಿದ್ದನಂತೆ. ಮುದುಕರು ಕಪ್ಪು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರಂತೆ. ಏನು ತಪ್ಪಾಯಿತೆಂದು ಗಾಬರಿಯಾಗಿ ಅವನು ಜೊತೆಗಿದ್ದ ಸಿಸ್ಟರನ್ನು ಕೇಳಿದರೆ, ವೇಲ್ಸಿನವರನ್ನು ಇಂಗ್ಲಿಷಿನವರು ಅನ್ನಬಾರದು ಎಂದರಂತೆ. ಮರುದಿನ ತಾನೇ ಹೋಗಿ ಕ್ಷಮೆ ಕೇಳಿದಾಗ ಆ ಮುದುಕರು ನಕ್ಕು, ಬೆಳಗಿನ ನಮಸ್ಕಾರಕ್ಕೆ ತಮ್ಮ ಭಾಷೆಯಲ್ಲಿ ಏನನ್ನಬೇಕೆಂದು ಕಲಿಸಿದರಂತೆ. "ಬೋರೆ ದಾ" ಎಂದು ಅಂದು ತೋರಿಸಿದ. ಅಣ್ಣ ತನಗೇ ಗೊತ್ತಿಲ್ಲದಂತೆ ತುಟಿಯೊಳಗೆ ಅದನ್ನೇ ಅಂದುಕೊಂಡದ್ದನ್ನು ನಾನು ನೋಡಿದೆ.

"ಮತ್ತ ನಿಮ್ಮವ್ವ ಲಂಡನ್ ಅಂತ ಯಾಕ ಹೇಳಿದ್ರು?"

ಉತ್ತರ ಕೊಟ್ಟವರು ಆ ತಾಯಿಯೇ. ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ ಹೇಳಿದರು. "ಮೊದ್ಲು ನಾ ವೇಲ್ಸ್ ಅಂತಾನ ಹೇಳ್ತಿದ್ದೆ ಅಕ್ಕಾರ. ಎಲ್ಲಿ ಬರ್ತೈತಿ ಅಂತ ಎಲ್ಲಾರೂ ಕೇಳ್ತಿದ್ರು. ನನಗ ಗೊತ್ತಿದ್ರ ಹೇಳ್ತಿದ್ದೆ. ಮಗ ಇರೋ ಊರು ತಾಯಿಗೇ ಗೊತ್ತಿಲ್ಲ ಅಂತ ನಗ್ತಾರ ಅಂತ ಲಂಡನ್ ಅನ್ನಾಕ ಹತ್ತಿದೆ. ಲಂಡನ್ ಅಂದ್ರ ಯಾರೂ ಮುಂದ ಕೇಳಂಗಿಲ್ಲ."

ಫೋನಿನಲ್ಲಿದ್ದ ಹುಡುಗ ಮೆಲ್ಲಗೆ ಹೇಳಿದ: "ನಾನೂ ಇಲ್ಲಿ ಹಂಗ ಮಾಡ್ತೀನಬೇ. ಪಾಮನಕಲ್ಲೂರು ನಮ್ಮ ಮೂಲ ಊರು ಅಂದ್ರ ಯಾರಿಗೂ ತಿಳಿಯಂಗಿಲ್ಲ, ಮಸ್ಕಿ ಅಂದ್ರೂ ಇಲ್ಲ, ರಾಯಚೂರು ಅಂದ್ರೂ ಇಲ್ಲ. ಕಡೀಕ ಬೆಂಗಳೂರು ಅಂತೀನಿ. ನಾ ಬೆಂಗಳೂರಾಗ ಇದ್ದದ್ದು ವೀಸಾದ ಕೆಲಸಕ್ಕ ಅಷ್ಟ."

ಅಣ್ಣ ಫೋನನ್ನು ಅವರಿಗೆ ಮರಳಿ ಕೊಟ್ಟು, ಆರಿಹೋದ ಚಹಾವನ್ನು ಕುಡಿದ. ಬಿಸಿ ಮಾಡಿ ಕೊಡುತ್ತೇನೆಂದು ಆ ತಾಯಿ ಎಷ್ಟು ಹೇಳಿದರೂ ಕೇಳಲಿಲ್ಲ. ಎದ್ದು ಹೊರಡುವಾಗ ಹುಡುಗನ ತಂದೆಯ ಕೈ ಹಿಡಿದು, "ಹೆಣ್ಣಿನ ಕಡೆಯವರು ನೋಡ್ರಿ, ಫಿಕರ್ ಇರ್ತೈತಿ. ಮನಸಿಗೆ ಹಚ್ಚಿಕೋಬ್ಯಾಡ್ರಿ ಬೀಗರ" ಎಂದ. ಬೀಗರ ಎಂಬ ಮಾತು ಕೇಳಿದ ಮೇಲೆ ಆ ಮನೆ ಮತ್ತೆ ಉಸಿರಾಡಿತು.

ರಾತ್ರಿ ಲಿಂಗಸುಗೂರಿಗೆ ಫೋನ್ ಮಾಡಿ ಹುಡುಗಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಚಿಗವ್ವಾ, ಅವ್ರು ಎಲ್ಲಿ ಅದಾರ ಅಂತ ನನಗ ಮೊದ್ಲ ಗೊತ್ತಿತ್ತು. ನನ್ನ ಯಾರು ಕೇಳಿದ್ರಿ? ನನಗ ಬೇಕಾಗಿದ್ದು ಬ್ಯಾರೆ. ಅಲ್ಲಿ ನಾನೂ ಲ್ಯಾಬಿನ ಕೆಲಸ ಮಾಡಬಹುದೇನು ಅಂತ" ಎಂದಳು. ಅದಕ್ಕೆ ಅಲ್ಲಿನ ನೋಂದಣಿ ಬೇಕು, ತಡವಾಗುತ್ತದೆ, ಆದರೆ ಮಾಡಬಹುದು ಎಂದು ಹುಡುಗ ವಿಚಾರಿಸಿ ಹೇಳಿದ್ದನಂತೆ. ಅವಳ ಲೆಕ್ಕದಲ್ಲಿ ಸಂಬಂಧ ಆಗಲೇ ಗಟ್ಟಿಯಾಗಿತ್ತು.

ಸಿಂಧನೂರಿನಲ್ಲಿ ಬುದ್ಧವಂದನೆ ಮಾಡಿ, ಸರಳವಾಗಿ ಮದುವೆ ಮಾಡಿದೆವು. ವೀಸಾ ಬಂದ ಮೇಲೆ ಅವಳು ಹೋದಳು. ಅಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದಾರೆ, ಇವಳೆಂದರೆ ಬಲು ಅಕ್ಕರೆ. ಒಂದು ದಿನ ಆ ಹೆಂಗಸು, ಇಂಗ್ಲಿಷರು ನಿಮ್ಮ ಊರನ್ನು ಆಳುವಾಗ ಜನರಿಗೆ ಬಹಳ ಕಷ್ಟವಾಗಿತ್ತೇ ಎಂದು ಕೇಳಿದರಂತೆ. ನಮ್ಮನ್ನು ನೇರವಾಗಿ ಆಳಿದ್ದು ನಿಜಾಮರು ಎಂದು ಇವಳು ಹೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲವಂತೆ. ಇಡೀ ಇಂಡಿಯಾ ಒಂದೇ ಕೈಯಲ್ಲಿತ್ತು ಎಂದೇ ಅವರು ತಿಳಿದಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದ ಮೇಲೆ ನಮ್ಮ ಕಡೆ ಬಂತು ಎಂದಾಗ ಇನ್ನಷ್ಟು ಆಶ್ಚರ್ಯಪಟ್ಟರಂತೆ. ಆದರೆ ಅದಕ್ಕಿಂತ ಹೆಚ್ಚು ಇವಳಿಗೂ ಗೊತ್ತಿರಲಿಲ್ಲ. ಅದಕ್ಕೇ ನಮ್ಮವ್ವನನ್ನು ಕೇಳಲು ವಿಡಿಯೋ ಕಾಲ್ ಮಾಡಿದಳು.

ಎಂಬತ್ತು ದಾಟಿದ ಅವ್ವ ಹೊರಸಿನ ಮೇಲೆ ಕೂತು ನೆನಪಿಗೆ ಬಂದಷ್ಟು ಹೇಳಿದಳು. ಸಾಲಿಯಲ್ಲಿ ಉರ್ದು ಕಲಿಸುತ್ತಿದ್ದರು ಎಂದು ಅವಳ ಅಪ್ಪ ಹೇಳುತ್ತಿದ್ದನಂತೆ, ಲಿಂಗಸುಗೂರಿನಲ್ಲಿ ಹಿಂದೆ ಯಾವ ಕಾಲದಲ್ಲೋ ಇಂಗ್ಲಿಷರ ದಂಡು ಇತ್ತಂತೆ, ತಾನು ಮಾತ್ರ ಬಿಳಿಯರನ್ನು ಒಬ್ಬರನ್ನೂ ಕಂಡಿಲ್ಲ ಎಂದಳು. ಆಗ ಹುಡುಗಿ ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಬಿಳಿ ಕೂದಲಿನ ಆ ಹೆಂಗಸು ನಗುತ್ತ ಕೈಬೀಸಿದರು.

ಅವ್ವ ಸೆರಗು ಸರಿಮಾಡಿಕೊಂಡು ಫೋನಿಗೆ ಮುಖ ಹತ್ತಿರ ತಂದಳು. "ಉಂಡಾರೇನು ಕೇಳ" ಎಂದಳು. ಹುಡುಗಿ ಕೇಳಿ, ಉತ್ತರ ತಿಳಿಸಿದಳು: ಆಲೂಗಡ್ಡೆ ಬೇಯಿಸಿ ಉಂಡಿದ್ದಾರೆ.

"ಬರೇ ಆಲೂಗಡ್ಡಿ?" ಅವ್ವ ನನ್ನ ಕಡೆ ತಿರುಗಿ ನೊಂದುಕೊಂಡಳು. "ಪಾಪ, ಒಬ್ಬಾಕಿನ ಇರ್ತಾಳೇನೋ. ನಾಳಿಂದ ಒಂದು ಮುಟಗಿ ಅಕ್ಕಿ ಹೆಚ್ಚಿಗಿ ಹಾಕು ಅಂತ ಹೇಳ ಹುಡುಗಿಗೆ."